ಹಳೆಯ ಟರ್ಬೊ ಸುಪ್ರಾ: ಮೊದಲು ಗಾಳಿಯ ಲೆಕ್ಕ, ಆಮೇಲೆ ಪವರ್

ನನ್ನ ಟೊಯೊಟಾ ಸುಪ್ರಾ ಕಾರು ಸಿಗ್ನಲ್‌ನಲ್ಲಿ ನಿಂತರೆ ಸಾಕು, ಆಫ್ ಆಗಿಬಿಡುತ್ತಿತ್ತು. ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲ ಅನ್ನುವ ಹಾಗೆ ಓಡುತ್ತಿತ್ತು. ಮೊದಲು ಸ್ಪಾರ್ಕ್ ಪ್ಲಗ್ ಬದಲಿಸಿದೆ. ಆಮೇಲೆ ಆಕ್ಸಿಜನ್ ಸೆನ್ಸರ್. ಆಮೇಲೆ ಆರೂ ಇಂಜೆಕ್ಟರ್ ಬಿಚ್ಚಿ ಕ್ಲೀನ್ ಮಾಡಿಸಿದೆ. ದುಡ್ಡು ಹೋಯಿತು, ಕಾಯಿಲೆ ಹೋಗಲಿಲ್ಲ. ಕೊನೆಗೊಂದು ಭಾನುವಾರ ಏರ್‌ಫ್ಲೋ ಮೀಟರಿನಿಂದ ಟರ್ಬೊಗೆ (ಹೊಗೆಯ ರಭಸಕ್ಕೆ ತಿರುಗಿ ಇಂಜಿನ್ನಿಗೆ ಗಾಳಿ ಒತ್ತುವ ಪಂಪು) ಹೋಗುವ ರಬ್ಬರ್ ಪೈಪನ್ನು ಸುಮ್ನೆ ಕೈಯಲ್ಲಿ ಹಿಡಿದು ಬಗ್ಗಿಸಿದೆ. ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿರುತ್ತದಲ್ಲ, ಅದೇ ಪೈಪು. ಕೆಳಗಿನ ಮಡಿಕೆಯಲ್ಲಿ ಬೆರಳುದ್ದದ ಸೀಳು ಬಾಯಿ ಬಿಟ್ಟಿತು. ಕೈ ಬಿಟ್ಟರೆ ಮತ್ತೆ ಮುಚ್ಚಿಕೊಂಡಿತು. ಮೇಲಿಂದ ಎಷ್ಟು ನೋಡಿದರೂ ಕಾಣುವಂತಿರಲಿಲ್ಲ.

ಆ ಒಂದು ಸೀಳು ಈ ಕಾರಿನ ಬಗ್ಗೆ ನನಗೆ ಬೇರೆಲ್ಲದಕ್ಕಿಂತ ಜಾಸ್ತಿ ಕಲಿಸಿತು. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಉದಾಹರಣೆಗೆ ತೆಗೆದುಕೊಂಡಿರುವುದು ಮೂರನೇ ತಲೆಮಾರಿನ ಟೊಯೊಟಾ ಸುಪ್ರಾ, ಅಂದರೆ 1986ರಲ್ಲಿ ಬಂದ ಎ70. ಇಂಜಿನ್ 7ಎಂ-ಜಿಟಿಇ. ಸಾಲಾಗಿ ಆರು ಸಿಲಿಂಡರ್, 2954 ಸಿಸಿ, 24 ವಾಲ್ವ್, ಒಂದೇ ಒಂದು ಸಿಟಿ26 ಟರ್ಬೊ. ಅಮೆರಿಕದಲ್ಲಿ ಇದನ್ನು 230 ಹಾರ್ಸ್‌ಪವರ್ ಎಂದು ಮಾರಿದರು. ನಿಮ್ಮ ಹತ್ತಿರ ಇರುವುದು ಬೇರೆ ಕಾರಾದರೂ ಓದಿ. ಬೋಲ್ಟು, ಸೆನ್ಸರು ಬೇರೆಯಾಗಬಹುದು, ಹುಡುಕುವ ದಾರಿ ಹೆಚ್ಚುಕಡಿಮೆ ಅದೇ.

ಲೆಕ್ಕ ಬರೆಯುವವನು ಯಾರು

ಈ ಇಂಜಿನ್ನಿಗೆ ಎಷ್ಟು ಗಾಳಿ ಹೋಗುತ್ತಿದೆ ಎಂದು ಹೇಳುವುದು ಏರ್ ಫಿಲ್ಟರ್ ಹತ್ತಿರ ಕೂತ ಕಾರ್ಮನ್ ವೋರ್ಟೆಕ್ಸ್ ಮೀಟರ್. ಹೆಸರು ದೊಡ್ಡದು, ವಿಷಯ ಸರಳ. ಹರಿಯುವ ಹೊಳೆಗೆ ಅಡ್ಡ ನಿಂತ ಕಂಬದ ಹಿಂದೆ ನೀರು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸುಳಿ ಬಿಡುತ್ತದೆ ಅಲ್ವಾ? ಮೀಟರಿನೊಳಗೂ ಗಾಳಿಗೆ ಅಡ್ಡ ಒಂದು ಕಂಬ ಇದೆ. ಅದರ ಹಿಂದೆ ಏಳುವ ಸುಳಿಗಳ ಒತ್ತಡಕ್ಕೆ ಒಂದು ಪುಟಾಣಿ ಕನ್ನಡಿ ನಡುಗುತ್ತದೆ. ಕನ್ನಡಿಯ ಮೇಲೆ ಒಂದು ಎಲ್‌ಇಡಿ ಬೆಳಕು ಬೀಳುತ್ತದೆ. ಅದು ಪ್ರತಿಫಲಿಸಿ ಹಿಂದಿರುಗುವಾಗ ಮಿಣುಕುತ್ತದೆ. ಆ ಮಿಣುಕನ್ನು ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಎಣಿಸುತ್ತದೆ. ಗಾಳಿ ಹೆಚ್ಚಾದರೆ ಮಿಣುಕು ಹೆಚ್ಚು, ಅದಕ್ಕೆ ತಕ್ಕ ಹಾಗೆ ಪೆಟ್ರೋಲೂ ಹೆಚ್ಚು.

ಇದರಿಂದ ಎರಡೇ ನಿಯಮ ಹುಟ್ಟುತ್ತವೆ. ಎಣಿಸಿದ ಗಾಳಿ ಪೂರ್ತಿ ಸಿಲಿಂಡರಿಗೆ ಹೋಗಬೇಕು. ಎಣಿಸದ ಗಾಳಿ ಒಳಗೆ ಬರಬಾರದು.

ಮೀಟರ್ ಮತ್ತು ಟರ್ಬೊ ನಡುವೆ ಸೀಳಿದ್ದರೆ ಕಳ್ಳದಾರಿಯಲ್ಲಿ ಗಾಳಿ ಬರುತ್ತದೆ. ಲೆಕ್ಕದಲ್ಲಿ ಅದು ಇರುವುದಿಲ್ಲ, ಹಾಗಾಗಿ ಪೆಟ್ರೋಲ್ ಕಡಿಮೆ ಬೀಳುತ್ತದೆ. ಇಂಜಿನ್ ಲೀನ್ ಆಗುತ್ತದೆ. ಟರ್ಬೊ ದಾಟಿದ ಮೇಲೆ, ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್ ಪೈಪಿನಲ್ಲಿ ಸೀಳಿದ್ದರೆ ಕಥೆ ಉಲ್ಟಾ. ಬೂಸ್ಟ್ (ಟರ್ಬೊ ಒತ್ತುವ ಹೆಚ್ಚುವರಿ ಗಾಳಿಯ ಒತ್ತಡ) ಬಂದಾಗ ಎಣಿಸಿದ ಗಾಳಿಯೇ ಹೊರಗೆ ಸೋರುತ್ತದೆ, ಪೆಟ್ರೋಲ್ ಮಾತ್ರ ಪೂರ್ತಿ ಬೀಳುತ್ತದೆ. ಸೈಲೆನ್ಸರಿನಿಂದ ಕಪ್ಪು ಹೊಗೆ, ಪಿಕಪ್ ಇಲ್ಲ. ಥ್ರಾಟಲ್ (ಎಕ್ಸಲರೇಟರ್ ಒತ್ತಿದರೆ ತೆರೆಯುವ ಗಾಳಿಯ ಬಾಗಿಲು) ಆದಮೇಲೆ, ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಲೀಕ್ ಇದ್ದರೆ ಎರಡೂ ಕಾಟ. ಐಡಲ್‌ನಲ್ಲಿ (ಕಾಲು ತೆಗೆದು ಇಂಜಿನ್ ಸುಮ್ಮನೆ ಓಡುವಾಗ) ಲೀನ್, ಬೂಸ್ಟಿನಲ್ಲಿ ರಿಚ್, ಅಂದರೆ ಪೆಟ್ರೋಲ್ ಹೆಚ್ಚು.

1ಜೆಜೆಡ್-ಜಿಟಿಇ ಇಂಜಿನ್ ಇರುವ ಸುಪ್ರಾ, ಎಫ್‌ಡಿ ಮಾದರಿಯ ಮಾಜ್ದಾ ಆರ್‌ಎಕ್ಸ್-7 ಇವೆಲ್ಲ ಗಾಳಿಯನ್ನು ಎಣಿಸುವುದಿಲ್ಲ, ಮ್ಯಾನಿಫೋಲ್ಡಿನ ಒತ್ತಡ ಅಳೆದು ಅಂದಾಜು ಮಾಡುತ್ತವೆ. ಅಲ್ಲಿ ಟರ್ಬೊಗೆ ಮೊದಲಿನ ಪೈಪಿನ ಸಣ್ಣ ಸೀಳು ಲೆಕ್ಕ ಕೆಡಿಸುವುದಿಲ್ಲ. ನಿಸ್ಸಾನ್ ಸಿಲ್ವಿಯಾ, ಸ್ಕೈಲೈನ್‌ಗಳಲ್ಲಿ ಮತ್ತೆ ಏರ್‌ಫ್ಲೋ ಮೀಟರೇ. ನಿಮ್ಮದು ಯಾವ ಜಾತಿ ಎಂದು ಮೊದಲು ತಿಳಿದುಕೊಳ್ಳಿ.

ಮೊದಲ ಕೆಲಸ: ಕಾರನ್ನೇ ಕೇಳಿ

ಸ್ಪಾನರ್ ಮುಟ್ಟುವ ಮೊದಲು ಇಸಿಯು ನೆನಪಿಟ್ಟ ದೋಷದ ಕೋಡ್ ಓದಿ. ಸ್ಕ್ಯಾನರ್ ಏನೂ ಬೇಡ, ಒಂದು ಪೇಪರ್ ಕ್ಲಿಪ್ ಸಾಕು. ಬಾನೆಟ್ ಕೆಳಗೆ ಡಯಾಗ್ನೋಸಿಸ್ ಎಂದು ಬರೆದ ಪುಟ್ಟ ಡಬ್ಬಿ ಇದೆ. ಮುಚ್ಚಳದ ಒಳಮೈಯಲ್ಲೇ ಪಿನ್‌ಗಳ ನಕ್ಷೆ ಇರುತ್ತದೆ. ಟಿಇ1 ಮತ್ತು ಇ1 ಪಿನ್ ಎರಡನ್ನೂ ಕ್ಲಿಪ್ಪಿನಿಂದ ಸೇರಿಸಿ. ಇಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಆನ್ ಮಾಡಿ. ಎಕ್ಸಲರೇಟರ್ ಮೇಲೆ ಕಾಲಿಡಬೇಡಿ, ಎಸಿ ಆಫ್ ಇರಲಿ.

ಚೆಕ್ ಇಂಜಿನ್ ಲೈಟ್ ಒಂದೇ ಸಮನೆ ಮಿಣುಕುತ್ತಿದ್ದರೆ ಕೋಡ್ ಇಲ್ಲ ಎಂದರ್ಥ. ಕೋಡ್ ಇದ್ದರೆ ಎರಡು ಅಂಕಿಯಾಗಿ ಹೇಳುತ್ತದೆ. ಐದು ಸಲ ಮಿಣುಕಿ, ಸ್ವಲ್ಪ ನಿಂತು, ಎರಡು ಸಲ ಮಿಣುಕಿದರೆ 52. ಈ ಕಾರಿನಲ್ಲಿ ಮತ್ತೆ ಮತ್ತೆ ಕಾಣುವವು ಇವು: 21 ಆಕ್ಸಿಜನ್ ಸೆನ್ಸರ್, 22 ಕೂಲಂಟ್ ಟೆಂಪರೇಚರ್ ಸೆನ್ಸರ್, 31 ಏರ್‌ಫ್ಲೋ ಮೀಟರ್, 41 ಥ್ರಾಟಲ್ ಪೊಸಿಷನ್ ಸೆನ್ಸರ್, 52 ನಾಕ್ ಸೆನ್ಸರ್ (ಸಿಲಿಂಡರಿನಲ್ಲಿ ಪೆಟ್ರೋಲ್ ಹೊತ್ತು ತಪ್ಪಿ ಸಿಡಿಯುವ ಸದ್ದನ್ನು ಕೇಳುವುದು). 51 ಬಂದರೆ ಗಾಬರಿ ಬೇಡ. ಎಸಿ ಆನ್ ಇದ್ದರೂ, ಕಾಲು ಎಕ್ಸಲರೇಟರ್ ಮೇಲಿದ್ದರೂ ಅದು ಬರುತ್ತದೆ.

ಕೋಡನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಇಎಫ್‌ಐ ಫ್ಯೂಸನ್ನು ಅರ್ಧ ನಿಮಿಷ ತೆಗೆದು ಹಾಕಿ. ಅಳಿಸಿ ಹೋಗುತ್ತದೆ. ಎರಡು ದಿನ ಓಡಿಸಿ ಮತ್ತೆ ಓದಿ. ತಿರುಗಿ ಬಂದ ಕೋಡ್ ಮಾತ್ರ ನಿಜವಾದ ಕೋಡ್. ಮೂವತ್ತು ವರ್ಷ ದಾಟಿದ ಕಾರಿನಲ್ಲಿ ಯಾರೋ ಯಾವಾಗಲೋ ಪ್ಲಗ್ ಕಿತ್ತು ಹಾಕಿದ್ದರ ನೆನಪೂ ಉಳಿದಿರಬಹುದು.

ಇನ್ನೊಂದು ಮಾತು. ಕೋಡ್ 31 ಬಂತು ಎಂದ ಕೂಡಲೇ ಹೊಸ ಮೀಟರ್ ತರಲು ಓಡಬೇಡಿ. ಮೀಟರಿನಿಂದ ಸಿಗ್ನಲ್ ಬರುತ್ತಿಲ್ಲ ಎಂದಷ್ಟೇ ಅದು ಹೇಳುತ್ತಿದೆ. ಪ್ಲಗ್ ಸಡಿಲವಾಗಿದ್ದರೂ ಅದೇ ಕೋಡ್.

ಲೀಕ್ ಹುಡುಕುವುದು

ಒಂದು ಸೊಗಸಾದ ಪರೀಕ್ಷೆ ಇದೆ, ಒಂದು ಪೈಸೆ ಖರ್ಚಿಲ್ಲ. ಇಂಜಿನ್ ಬಿಸಿಯಾಗಿ ಐಡಲ್‌ನಲ್ಲಿ ಓಡುತ್ತಿರಲಿ. ಆಯಿಲ್ ಹಾಕುವ ಮುಚ್ಚಳವನ್ನು ತೆಗೆಯಿರಿ. ಆರೋಗ್ಯವಂತ 7ಎಂ ತಕ್ಷಣ ತಡವರಿಸಬೇಕು, ಆಫ್ ಆದರೆ ಇನ್ನೂ ಒಳ್ಳೆಯದು. ಕ್ರ್ಯಾಂಕ್‌ಕೇಸ್ ಮೂಲಕ ಎಣಿಸದ ಗಾಳಿ ನುಗ್ಗುವುದರಿಂದ ಹಾಗಾಗುತ್ತದೆ. ಮುಚ್ಚಳ ತೆಗೆದರೂ ಇಂಜಿನ್ನಿಗೆ ಏನೂ ಅನಿಸದಿದ್ದರೆ ಬೇರೆಲ್ಲೋ ಆಗಲೇ ದೊಡ್ಡ ತೂತಿದೆ, ಇನ್ನೊಂದು ತೂತಿಗೆ ಅದು ಕ್ಯಾರೇ ಅನ್ನುತ್ತಿಲ್ಲ. ನನ್ನ ಕಾರು ಆ ದಿನಗಳಲ್ಲಿ ಮುಚ್ಚಳ ತೆಗೆದರೂ ಹಾಕಿದರೂ ಒಂದೇ ಥರ ಇತ್ತು. ಅದರ ಅರ್ಥ ನನಗೆ ಆಗ ಗೊತ್ತಿರಲಿಲ್ಲ, ಅಷ್ಟೇ.

ಮುಂದಿನದು ಪ್ರೆಶರ್ ಟೆಸ್ಟ್. ಇದಕ್ಕೆ ಅರ್ಧ ದಿನ ಎತ್ತಿಡಿ.

1. ಇಂಜಿನ್ ಪೂರ್ತಿ ತಣ್ಣಗಾಗಲಿ. ಏರ್‌ಫ್ಲೋ ಮೀಟರನ್ನು ಬಿಚ್ಚಿ ಜೋಪಾನವಾಗಿ ಪಕ್ಕಕ್ಕಿಡಿ. ಒಳಗಿನ ಕನ್ನಡಿ ಬಹಳ ಸೂಕ್ಷ್ಮ. ಅದಕ್ಕೆ ಕಂಪ್ರೆಸರ್ ಗಾಳಿ ತೋರಿಸಲೇಬೇಡಿ.

2. ಮಡಿಕೆ ಪೈಪಿನ ಬಾಯಿಗೆ ಸರಿಹೊಂದುವ ಪ್ಲಾಸ್ಟಿಕ್ ಪೈಪಿನ ಮುಚ್ಚಳ ಹುಡುಕಿ. ಅದರ ನಡುವೆ ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಒಂದನ್ನು ಕೂರಿಸಿ. ಪೈಪಿಗೆ ತುರುಕಿ ಕ್ಲಾಂಪ್ ಬಿಗಿ ಮಾಡಿ. ಇಷ್ಟೇ ಯಂತ್ರ.

3. ಕ್ಯಾಮ್ ಕವರಿನಿಂದ ಬರುವ ಬ್ರೀದರ್ ಹೋಸ್ ಬಿಚ್ಚಿ, ಪೈಪಿನ ಕಡೆಯ ಬಾಯಿಯನ್ನು ಮುಚ್ಚಿ. ಇಲ್ಲದಿದ್ದರೆ ಗಾಳಿಯೆಲ್ಲ ಕ್ರ್ಯಾಂಕ್‌ಕೇಸಿಗೆ ಹೋಗಿ ಆಯಿಲ್ ಸೀಲ್‌ಗಳ ಮೇಲೆ ಒತ್ತಡ ಬೀಳುತ್ತದೆ.

4. ಮೊದಲು 5 ಪಿಎಸ್‌ಐ ಮಾತ್ರ ಬಿಡಿ. ಕಿವಿಗೊಟ್ಟು ಕೇಳಿ. ದೊಡ್ಡ ಲೀಕ್ ಇದ್ದರೆ ಇಷ್ಟಕ್ಕೇ ಬುಸ್ ಎನ್ನುತ್ತದೆ. ಅದನ್ನು ಸರಿಮಾಡಿದ ಮೇಲೆ 10ಕ್ಕೆ ಹೋಗಿ. 15 ದಾಟಿಸಬೇಡಿ.

5. ಸೋಪು ನೀರನ್ನು ಸ್ಪ್ರೇ ಬಾಟಲಿಗೆ ತುಂಬಿ ಒಂದೊಂದೇ ಜಾಯಿಂಟಿಗೆ ಹೊಡೆಯಿರಿ. ನೊರೆ ಎದ್ದಲ್ಲಿ ಚಾಕ್‌ಪೀಸಿನಿಂದ ಗುರುತು ಹಾಕಿ.

ಎಲ್ಲೆಲ್ಲಿ ನೋಡಬೇಕು? ಮಡಿಕೆ ಪೈಪಿನ ತಳ. ಇಂಟರ್‌ಕೂಲರಿನ ಎರಡೂ ಬದಿಯ ರಬ್ಬರ್ ಜಾಯಿಂಟ್. ಇಂಜಿನ್ ಮೇಲೆ ಹಾದುಹೋಗುವ, 3000 ಎಂದು ಎರಕ ಹೊಯ್ದ ಅಲ್ಯೂಮಿನಿಯಂ ಪೈಪಿನ ತುದಿಗಳು. ಥ್ರಾಟಲ್ ಬಾಡಿ ಗ್ಯಾಸ್ಕೆಟ್. ಐಡಲ್ ಕಂಟ್ರೋಲ್ ವಾಲ್ವಿನ ಹೋಸ್. ಇಂಜೆಕ್ಟರ್ ಕೂರುವ ರಬ್ಬರ್ ರಿಂಗ್‌ಗಳು. ಇವು ಗಟ್ಟಿಯಾಗಿ ಪ್ಲಾಸ್ಟಿಕ್ಕಿನಂತಾಗಿರುತ್ತವೆ, ಹೊಸದು ಹಾಕಿದರೆ ಐಡಲ್ ಬದಲಾಗುವುದು ಕೇಳಿಸುತ್ತದೆ.

ಒತ್ತಡ ನಿಲ್ಲದೆ ಸೈಲೆನ್ಸರ್ ಕಡೆಯಿಂದ ಗಾಳಿ ಬರುತ್ತಿದ್ದರೆ ಗಾಬರಿಯಾಗಬೇಡಿ. ಯಾವುದೋ ಸಿಲಿಂಡರಿನಲ್ಲಿ ಎರಡೂ ವಾಲ್ವ್ ಸ್ವಲ್ಪ ತೆರೆದ ಸ್ಥಿತಿಯಲ್ಲಿ ನಿಂತಿರಬಹುದು. ಕ್ರ್ಯಾಂಕನ್ನು ಸ್ಪಾನರಿನಿಂದ ಸ್ವಲ್ಪ ತಿರುಗಿಸಿ ಮತ್ತೆ ನೋಡಿ.

ವ್ಯಾಕ್ಯೂಮ್ ಹೋಸ್‌ಗಳ ವಿಷಯದಲ್ಲಿ ಯಾವುದು ಸರಿ, ಯಾವುದು ಕೆಟ್ಟಿದೆ ಎಂದು ಹುಡುಕುತ್ತಾ ಕೂರಬೇಡಿ. ಎಲ್ಲವನ್ನೂ ಬದಲಿಸಿ. ಬಾನೆಟ್ ಒಳಗಿನ ಸ್ಟಿಕ್ಕರಿನಲ್ಲಿ ನಕ್ಷೆ ಇದೆ. ಒಂದು ತೆಗೆದು ಒಂದು ಹಾಕಿ. ಎಲ್ಲ ಒಟ್ಟಿಗೆ ಕಿತ್ತರೆ ಆ ದಿನ ಕತ್ತಲಾಗುವುದು ಖಂಡಿತ.

ಸೆನ್ಸರು, ವೈರು

ಗಾಳಿ ಸರಿಹೋದ ಮೇಲೂ ತೊಂದರೆ ಉಳಿದಿದ್ದರೆ ಮಲ್ಟಿಮೀಟರ್ ಹಿಡಿಯಿರಿ. ಇಸಿಯುಗೆ ಹೋಗುವ ಕೂಲಂಟ್ ಸೆನ್ಸರ್ 20 ಡಿಗ್ರಿಯಲ್ಲಿ 2ರಿಂದ 3 ಕಿಲೋ ಓಮ್, 80 ಡಿಗ್ರಿಯಲ್ಲಿ 200ರಿಂದ 400 ಓಮ್ ತೋರಿಸಬೇಕು. ಅದು ಸದಾ ತಣ್ಣಗಿದ್ದೇನೆ ಎನ್ನುತ್ತಿದ್ದರೆ ಕಾರು ಪೆಟ್ರೋಲ್ ಕುಡಿಯುತ್ತದೆ. ಬಿಸಿ ಇಂಜಿನ್ ಸ್ಟಾರ್ಟ್ ಆಗಲು ಹಟ ಮಾಡುತ್ತಿದ್ದರೆ ಕೋಲ್ಡ್ ಸ್ಟಾರ್ಟ್ ಇಂಜೆಕ್ಟರ್ ತೊಟ್ಟಿಕ್ಕುತ್ತಿದೆಯೇ ನೋಡಿ.

ಬೂಸ್ಟಿನಲ್ಲಿ ಮಿಸ್ ಹೊಡೆಯುತ್ತಿದ್ದರೆ ಕಾಯಿಲ್‌ಗಳ ಮೇಲಿನ ಕವರ್ ತೆಗೆಯಿರಿ. ಎರಡು ಕ್ಯಾಮ್ ಕವರ್‌ಗಳ ನಡುವಿನ ಗುಂಡಿಯಲ್ಲಿ ಆಯಿಲ್ ನಿಂತಿರುತ್ತದೆ, ಪ್ಲಗ್‌ಗಳು ಅದರಲ್ಲಿ ಸ್ನಾನ ಮಾಡುತ್ತಿರುತ್ತವೆ. ಕ್ಯಾಮ್ ಕವರ್ ಗ್ಯಾಸ್ಕೆಟ್ ಹೊಸದು ಹಾಕಿ, ಗುಂಡಿ ಒರೆಸಿ. ಕಾಯಿಲ್ ಕನೆಕ್ಟರಿನ ಕ್ಲಿಪ್‌ಗಳು ಶಾಖಕ್ಕೆ ಬಿಸ್ಕತ್ತಿನ ಹಾಗಾಗಿರುತ್ತವೆ. ಮುಟ್ಟಿದರೆ ಮುರಿಯುತ್ತವೆ ಎಂದುಕೊಂಡೇ ಮುಟ್ಟಿ.

ಕೋಡ್ 52 ಮಾತ್ರ ತಾತ್ಸಾರ ಮಾಡಬಾರದು. ನಾಕ್ ಸೆನ್ಸರ್ ಕೇಳಿಸದಿದ್ದರೆ ಇಸಿಯು ಹುಷಾರಿಗೆಂದು ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ, ಅಂದರೆ ಕಿಡಿಯನ್ನು ತಡ ಮಾಡುತ್ತದೆ. ಕಾರು ಸತ್ತ ಹಾಗೆ ಓಡುತ್ತದೆ. ಬಹಳ ಸಲ ಸೆನ್ಸರ್ ಚೆನ್ನಾಗಿಯೇ ಇರುತ್ತದೆ, ಅದಕ್ಕೆ ಹೋಗುವ ಶೀಲ್ಡ್ ವೈರ್ ಒಣಗಿ ಮುರಿದಿರುತ್ತದೆ. ಹೊಸ ವೈರ್ ಹಾಕುವಾಗ ಶೀಲ್ಡ್ ಇರುವುದನ್ನೇ ಹಾಕಿ. ಮಾಮೂಲಿ ವೈರ್ ಹಾಕಿದರೆ ಸುತ್ತಲಿನ ಇಗ್ನಿಷನ್ ಗದ್ದಲವನ್ನೆಲ್ಲ ಅದು ನಾಕ್ ಎಂದು ಕೇಳಿಸಿಕೊಳ್ಳಬಹುದು.

ಇನ್‌ಟೇಕ್ ಮ್ಯಾನಿಫೋಲ್ಡಿಗೆ ಬಂದು ಕೂರುವ ಅರ್ಥಿಂಗ್ ವೈರ್ ಬಿಚ್ಚಿ, ಮರಳು ಕಾಗದದಲ್ಲಿ ಉಜ್ಜಿ ಮತ್ತೆ ಬಿಗಿ ಮಾಡಿ. ಐದು ನಿಮಿಷದ ಕೆಲಸ. ಕೊನೆಗೆ ಟೈಮಿಂಗ್ ನೋಡಿ. ಟಿಇ1-ಇ1 ಸೇರಿಸಿಟ್ಟು ಐಡಲ್‌ನಲ್ಲಿ 10 ಡಿಗ್ರಿ ಇರಬೇಕು.

ಹೆಡ್ ಗ್ಯಾಸ್ಕೆಟ್ ಎಂಬ ಹಳೇ ಜಗಳ

7ಎಂ-ಜಿಟಿಇ ಎಂದರೆ ಹೆಡ್ ಗ್ಯಾಸ್ಕೆಟ್ ನೆನಪಾಗದವರಿಲ್ಲ. ಇಂಜಿನ್ನಿನ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವೆ ಕೂತು ಸೋರದಂತೆ ತಡೆಯುವ ಪದರ ಅದು. ಬ್ಲಾಕ್ ಎರಕದ ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಬಿಸಿಗೆ ಎರಡೂ ಒಂದೇ ಸಮ ಹಿಗ್ಗುವುದಿಲ್ಲ. ಅದು ಎಷ್ಟೋ ಇಂಜಿನ್‌ಗಳಲ್ಲಿ ಹಾಗೇ ಇದೆ, ಅದೇ ದೋಷವಲ್ಲ. ಇಲ್ಲಿನ ದೋಷ ಹೆಡ್ ಬೋಲ್ಟ್ ಬಿಗಿಸಿದ್ದು ಕಡಿಮೆಯಾಗಿದ್ದು. ಕಂಪನಿಯ ಅಳತೆ ಸುಮಾರು 58 ಪೌಂಡ್-ಅಡಿ, ಅಂದರೆ 78 ನ್ಯೂಟನ್ ಮೀಟರ್. ಅನುಭವಸ್ಥರು ಹಳೆಯ ಬೋಲ್ಟ್‌ಗಳಿಗೇ 72 ಪೌಂಡ್-ಅಡಿಯ ಆಸುಪಾಸು ಕೊಡುತ್ತಾ ಬಂದಿದ್ದಾರೆ. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಎಷ್ಟು ಇಂಜಿನ್ ಬಲಿಯಾದವೋ!

ಮಾಡಿಫೈ ಮಾಡುವ ಯೋಚನೆ ಇದ್ದರೆ ಗ್ಯಾಸ್ಕೆಟ್ ಪರೀಕ್ಷೆ ಮೊದಲು. ಬೂಸ್ಟ್ ಏರಿಸಿದ ಮರುದಿನ ಗೊತ್ತಾಗುವುದಕ್ಕಿಂತ ಈಗ ಗೊತ್ತಾಗುವುದು ವಾಸಿ. ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿ, ಒಂದು ನಿಮಿಷದೊಳಗೆ ರೇಡಿಯೇಟರಿನ ಮೇಲಿನ ಹೋಸನ್ನು ಹಿಸುಕಿ ನೋಡಿ. ನೀರು ಇನ್ನೂ ಬಿಸಿಯಾಗಿಲ್ಲ, ಆದರೂ ಹೋಸ್ ಕಲ್ಲಿನ ಹಾಗೆ ಗಟ್ಟಿಯಾಗಿದ್ದರೆ ಸಿಲಿಂಡರಿನ ಒತ್ತಡ ನೀರಿಗೆ ಹೋಗುತ್ತಿದೆ. ಗಟ್ಟಿ ಸಾಕ್ಷಿ ಬೇಕಾದರೆ ಬ್ಲಾಕ್ ಟೆಸ್ಟರ್ ಬಳಸಿ. ರೇಡಿಯೇಟರ್ ಬಾಯಿಯ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಎಳೆಯುತ್ತದೆ. ಹಳದಿಗೆ ತಿರುಗಿದರೆ ಹೊಗೆ ನೀರಿಗೆ ಸೇರಿದೆ. ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳ ಮಾತ್ರ ಎಂದಿಗೂ ತೆಗೆಯಬೇಡಿ, ಕುದಿಯುವ ನೀರು ಮುಖಕ್ಕೆ ಹಾರುತ್ತದೆ.

ಗ್ಯಾಸ್ಕೆಟ್ ಇನ್ನೂ ಚೆನ್ನಾಗಿದೆ, ಮುನ್ನೆಚ್ಚರಿಕೆಗೆ ಬಿಗಿಮಾಡುತ್ತೇನೆ ಎನ್ನುವವರು ತಣ್ಣಗಿನ ಇಂಜಿನ್ನಿನಲ್ಲಿ ಕ್ಯಾಮ್ ಕವರ್ ತೆಗೆದು, 14 ಬೋಲ್ಟ್‌ಗಳನ್ನು ಸರ್ವಿಸ್ ಪುಸ್ತಕದ ಅನುಕ್ರಮದಲ್ಲಿ ಮಾಡಬೇಕು. ಒಂದನ್ನು ತುಸು ಸಡಿಲಿಸಿ, ಬಿಗಿಸಿ, ಆಮೇಲೆ ಮುಂದಿನದು. ಎಲ್ಲವನ್ನೂ ಒಟ್ಟಿಗೆ ಸಡಿಲಿಸಿದರೆ ಇದ್ದ ಗ್ಯಾಸ್ಕೆಟ್ಟೂ ಹೋಯಿತು. ಸಡಿಲಿಸದೆ ಬರೀ ಬಿಗಿಸಿದರೆ ಅಂಟಿಕೊಂಡ ಬೋಲ್ಟ್ ತಿರುಗುವ ಮೊದಲೇ ಟಾರ್ಕ್ ವ್ರೆಂಚ್ ಟಕ್ ಅನ್ನುತ್ತದೆ. ನೀವು ಬಿಗಿಯಾಯಿತು ಎಂದುಕೊಳ್ಳುತ್ತೀರಿ, ಬೋಲ್ಟ್ ಇದ್ದಲ್ಲೇ ಇರುತ್ತದೆ.

ಈಗಾಗಲೇ ಹೋಗಿದ್ದರೆ ಹೆಡ್ ಇಳಿಸಲೇಬೇಕು. ಇಲ್ಲಿ ಜನ ಮಾಡುವ ತಪ್ಪು ಒಂದೇ. ದುಬಾರಿ ಲೋಹದ ಗ್ಯಾಸ್ಕೆಟ್ ತರುತ್ತಾರೆ, ಹೆಡ್ ಮಾತ್ರ ಮಷಿನ್ ಮಾಡಿಸುತ್ತಾರೆ, ಬ್ಲಾಕಿನ ಮೈಯನ್ನು ಕೈಯಲ್ಲಿ ಕೆರೆದು ಬಿಡುತ್ತಾರೆ. ಪದರ ಪದರದ ಲೋಹದ ಗ್ಯಾಸ್ಕೆಟ್‌ಗೆ ಎರಡೂ ಮೈ ಕನ್ನಡಿಯಷ್ಟು ನಯವಾಗಿರಬೇಕು. ಬ್ಲಾಕ್ ಮಷಿನ್ ಮಾಡಿಸಲು ಆಗುವುದಿಲ್ಲ ಎಂದಾದರೆ ಮೂಲ ಮಾದರಿಯ ಕಾಂಪೊಸಿಟ್ ಗ್ಯಾಸ್ಕೆಟ್ಟೇ ಹಾಕಿ. ಸಣ್ಣ ಗೀರುಗಳನ್ನು ಅದು ಸಹಿಸಿಕೊಳ್ಳುತ್ತದೆ. ಬೋಲ್ಟ್ ಬದಲು ಹೆಡ್ ಸ್ಟಡ್ ಹಾಕುವುದಾದರೆ ಸ್ಟಡ್ ತಯಾರಿಸಿದವರು ಹೇಳಿದ ಗ್ರೀಸು, ಅವರು ಹೇಳಿದ ಅಳತೆ. ಗ್ರೀಸ್ ಬದಲಾದರೆ ಅದೇ ಟಾರ್ಕಿಗೆ ಬಿಗಿ ಬೇರೆ ಬರುತ್ತದೆ.

ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ಬಂದಿತ್ತು ಎಂದಾದರೆ ಗ್ಯಾಸ್ಕೆಟ್ಟಿಗೇ ನಿಲ್ಲಿಸಬೇಡಿ. ನೀರು ಬೆರೆತ ಆಯಿಲ್ ಕನೆಕ್ಟಿಂಗ್ ರಾಡ್ ಬೇರಿಂಗ್‌ಗಳನ್ನು ತಿಂದಿರುತ್ತದೆ. ಸಂಪ್ ಇಳಿಸಿ ಒಂದೆರಡು ಬೇರಿಂಗ್ ಕ್ಯಾಪ್ ಬಿಚ್ಚಿ ನೋಡಿ.

ಟರ್ಬೊ

ಇದಕ್ಕೆ ಹೆಚ್ಚು ಮಾತು ಬೇಡ. ಮಡಿಕೆ ಪೈಪ್ ತೆಗೆದಾಗ ಕಂಪ್ರೆಸರ್ ಚಕ್ರದ ನಡುವಿನ ನಟ್ ಕೈಗೆ ಸಿಗುತ್ತದೆ. ಪಕ್ಕಕ್ಕೆ ಅಲ್ಲಾಡಿಸಿ. ಕೂದಲೆಳೆಯಷ್ಟು ಆಟ ಇದ್ದೇ ಇರುತ್ತದೆ, ಆಯಿಲ್ ಪದರಕ್ಕೆ ಅದು ಬೇಕು. ಚಕ್ರ ಗೋಡೆಗೆ ತಾಗಬಾರದು. ಒಳಗೆ ಹೊರಗೆ ಎಳೆದರೆ ಆಟವೇ ಸಿಗಬಾರದು. ಸಿಕ್ಕರೆ ರೀಬಿಲ್ಡ್. ಬಿಚ್ಚಿದಾಗ ಆಯಿಲ್ ಬರುವ ಸಣ್ಣ ಪೈಪನ್ನೂ ಅದರ ತೂತಿನ ಬೋಲ್ಟನ್ನೂ ಕ್ಲೀನ್ ಮಾಡಿ, ಇಲ್ಲವೇ ಹೊಸದು ಹಾಕಿ. ಸುಟ್ಟ ಆಯಿಲಿನ ಕರಿ ಅಲ್ಲಿ ಕಟ್ಟಿಕೊಂಡು ಹೊಸ ಟರ್ಬೊವನ್ನೂ ಉಪವಾಸ ಕೆಡವುತ್ತದೆ.

ಈಗ ಮಾಡಿಫಿಕೇಶನ್

ಇಲ್ಲಿಯವರೆಗಿನದು ಮುಗಿದಿದ್ದರೆ ನಿಮ್ಮ ಕಾರು ಆಗಲೇ ಮೊದಲಿಗಿಂತ ಜೋರಾಗಿ ಓಡುತ್ತಿರುತ್ತದೆ. ಅನೇಕರು ಇಲ್ಲೇ ಸಂತೋಷಪಟ್ಟು ನಿಲ್ಲುತ್ತಾರೆ. ನಿಲ್ಲದವರಿಗೆ ಮುಂದಿನ ಮಾತು.

ಮೊದಲು ದುಡ್ಡು ಹಾಕಬೇಕಾದ್ದು ನೋಡುವ ಸಾಧನಕ್ಕೆ. ಒಂದು ಒಳ್ಳೆಯ ಬೂಸ್ಟ್ ಗೇಜ್, ಒಂದು ವೈಡ್‌ಬ್ಯಾಂಡ್ ಆಕ್ಸಿಜನ್ ಮೀಟರ್. ಕಾರಿನ ಜತೆ ಬಂದ ಆಕ್ಸಿಜನ್ ಸೆನ್ಸರ್ ರಿಚ್ ಅಥವಾ ಲೀನ್ ಎಂದಷ್ಟೇ ಹೇಳುತ್ತದೆ, ಎಷ್ಟು ಎಂದು ಹೇಳುವುದಿಲ್ಲ. ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಎಂಬ ಲೆಕ್ಕ ಮೆಲ್ಲಗೆ ಓಡಿಸುವಾಗ 14.7ರ ಹತ್ತಿರ, ಪೂರ್ತಿ ಬೂಸ್ಟಿನಲ್ಲಿ 11.5ರ ಹತ್ತಿರ ಇದ್ದರೆ ನೆಮ್ಮದಿ. ಬೂಸ್ಟಿನಲ್ಲಿ 12.5 ದಾಟಿ ಮೇಲೆ ಹೋಗುತ್ತಿದ್ದರೆ ಕಾಲು ತೆಗೆಯಿರಿ.

ಎರಡನೆಯದು ಹೊಗೆಯ ದಾರಿ. ಟರ್ಬೊ ಆದಮೇಲಿನ ಪೈಪು ಮತ್ತು ಸೈಲೆನ್ಸರ್ ಅಗಲವಾದರೆ ಟರ್ಬೊ ಬೇಗ ಎದ್ದೇಳುತ್ತದೆ. ಆದರೆ ಇಲ್ಲೊಂದು ಮೋಸ ಇದೆ. ಹೆಚ್ಚಾದ ಹೊಗೆಯನ್ನು ಟರ್ಬೊ ಚಕ್ರ ತಪ್ಪಿಸಿ ಬಿಡುವ ವೇಸ್ಟ್‌ಗೇಟ್ ತೂತು ಸಿಟಿ26ರಲ್ಲಿ ಚಿಕ್ಕದು. ದಾರಿ ಸಲೀಸಾದ ಕೂಡಲೇ ನೀವು ಏನೂ ಮುಟ್ಟದಿದ್ದರೂ ಬೂಸ್ಟ್ ತಾನೇ ಏರಬಹುದು. ಹೊಸ ಪೈಪ್ ಹಾಕಿದ ಮೊದಲ ದಿನ ಕಣ್ಣು ಗೇಜಿನ ಮೇಲಿರಲಿ.

ಮೂರನೆಯದು ಪೆಟ್ರೋಲ್. ಹಳೆಯ ಪಂಪ್ ಮೂವತ್ತು ವರ್ಷದಿಂದ ದುಡಿದಿದೆ. ಗಂಟೆಗೆ 255 ಲೀಟರ್ ತಳ್ಳುವ ಪಂಪ್ ಟ್ಯಾಂಕಿನೊಳಗೆ ಕೂರುತ್ತದೆ. ಪಂಪಿನ ಜತೆಗೇ ಅದಕ್ಕೆ ಹೋಗುವ ವೋಲ್ಟೇಜ್ ಅಳೆಯಿರಿ. ಹಳೆಯ ವೈರಿನಲ್ಲಿ ಒಂದೆರಡು ವೋಲ್ಟ್ ದಾರಿಯಲ್ಲೇ ಕಳೆದುಹೋಗಿರುತ್ತದೆ. ಬ್ಯಾಟರಿಯಿಂದ ನೇರ ದಪ್ಪ ವೈರ್, ನಡುವೆ ಫ್ಯೂಸು ಮತ್ತು ರಿಲೇ. ಆಮೇಲೆ ಫ್ಯುಯೆಲ್ ಪ್ರೆಶರ್ ಗೇಜ್ ಹಾಕಿ. ಬೂಸ್ಟ್ 1 ಪಿಎಸ್‌ಐ ಏರಿದರೆ ಪೆಟ್ರೋಲ್ ಒತ್ತಡವೂ 1 ಪಿಎಸ್‌ಐ ಏರಬೇಕು. ಏರದಿದ್ದರೆ ರೆಗ್ಯುಲೇಟರಿನ ವ್ಯಾಕ್ಯೂಮ್ ಹೋಸ್ ನೋಡಿ.

ಇಷ್ಟಾದ ಮೇಲೆ ಬೂಸ್ಟ್. ಕಂಪನಿ ಕೊಟ್ಟದ್ದು ಸುಮಾರು 6ರಿಂದ 7 ಪಿಎಸ್‌ಐ. ಅರ್ಧರ್ಧ ಪಿಎಸ್‌ಐ ಏರಿಸುತ್ತಾ 10ಕ್ಕೆ ಹೋದರೆ ಕಾರಿನ ಸ್ವಭಾವವೇ ಬೇರೆ. 12ರ ಸುತ್ತಮುತ್ತ ಒಮ್ಮೆಲೇ ಯಾರೋ ಬ್ರೇಕ್ ಒತ್ತಿದ ಹಾಗೆ ಮುಗ್ಗರಿಸುತ್ತದೆ. ಕೆಟ್ಟಿತು ಎಂದುಕೊಳ್ಳಬೇಡಿ, ಅದು ಫ್ಯುಯೆಲ್ ಕಟ್. ಎಣಿಕೆ ಮಿತಿ ದಾಟಿತು ಎಂದು ಇಸಿಯು ಪೆಟ್ರೋಲ್ ನಿಲ್ಲಿಸಿದೆ. ಚಳಿಯಲ್ಲಿ ಗಾಳಿ ಸಾಂದ್ರ, ಆಗ ಇನ್ನೂ ಕಡಿಮೆ ಬೂಸ್ಟಿಗೇ ಬರುತ್ತದೆ.

ಫ್ಯುಯೆಲ್ ಕಟ್ ತಪ್ಪಿಸಲು ಪುಟ್ಟ ಪೆಟ್ಟಿಗೆಗಳು ಸಿಗುತ್ತವೆ. ಮಿತಿ ಹತ್ತಿರ ಬಂದಾಗ ಇಸಿಯುಗೆ ಸುಳ್ಳು ಎಣಿಕೆ ಕೊಡುತ್ತವೆ. ನನಗೆ ಇದು ಸ್ವಲ್ಪವೂ ಇಷ್ಟವಿಲ್ಲ. ಗಾಳಿ ಏರುತ್ತಲೇ ಇದೆ, ಲೆಕ್ಕ ಮಾತ್ರ ನಿಂತಿದೆ, ಅಂದರೆ ಪೆಟ್ರೋಲೂ ನಿಂತಿದೆ. ಅತಿ ಹೆಚ್ಚು ಪೆಟ್ರೋಲ್ ಬೇಕಾದ ಕ್ಷಣದಲ್ಲೇ ಕಮ್ಮಿ.

ಇದಕ್ಕಿಂತ ಚಂದದ ದಾರಿಯನ್ನು ಸುಪ್ರಾ ಮಂದಿ ಎಂದೋ ಕಂಡುಕೊಂಡಿದ್ದಾರೆ. 1990ರ ದಶಕದ ಆರಂಭದ ಲೆಕ್ಸಸ್ ಎಲ್‌ಎಸ್400ರ ವಿ8 ಇಂಜಿನ್ನಿನಲ್ಲೂ ಕಾರ್ಮನ್ ಮೀಟರೇ ಇದೆ, ಬಾಯಿ ದೊಡ್ಡದು. ಅಷ್ಟೇ ಗಾಳಿಗೆ ಅದು ಕಡಿಮೆ ಮಿಣುಕು ಕೊಡುತ್ತದೆ. ಲೆಕ್ಕ ನೋಡಿ. ಹಳೆಯ ಮೀಟರ್ 100 ಎಂದು ಎಣಿಸುತ್ತಿದ್ದ ಗಾಳಿಯನ್ನು ಲೆಕ್ಸಸ್ ಮೀಟರ್ ಹತ್ತಿರಹತ್ತಿರ 80 ಎಂದು ಎಣಿಸುತ್ತದೆ. ಇಸಿಯು 80ಕ್ಕೆ ತಕ್ಕಷ್ಟು ಹೊತ್ತು ಇಂಜೆಕ್ಟರ್ ತೆರೆಯುತ್ತದೆ. ಮೂಲ ಇಂಜೆಕ್ಟರ್ ನಿಮಿಷಕ್ಕೆ 440 ಸಿಸಿ ಪೆಟ್ರೋಲ್ ಬಿಡುವಂಥದು. ಅದರ ಜಾಗಕ್ಕೆ 550 ಸಿಸಿ ಹಾಕಿದರೆ ಕಾಲು ಭಾಗ ಹೆಚ್ಚು. 80ಕ್ಕೆ 1.25 ಗುಣಿಸಿ, ಮತ್ತೆ 100. ಪೆಟ್ರೋಲ್ ಸರಿಹೋಯಿತು, ಫ್ಯುಯೆಲ್ ಕಟ್ ಕಾಲು ಭಾಗ ಮೇಲಕ್ಕೆ ಹೋಯಿತು. ಎರಡನ್ನೂ ಒಟ್ಟಿಗೆ ಹಾಕಬೇಕು. ಮೀಟರ್ ಮಾತ್ರ ಹಾಕಿ ಓಡಿಸಿದರೆ ಇಂಜಿನ್ ಕರಗುತ್ತದೆ.

ಹಾಕುವಾಗ ಎರಡು ವಿಷಯ. 7ಎಂ-ಜಿಟಿಇ ಇಂಜೆಕ್ಟರ್‌ಗಳು ಕಡಿಮೆ ಓಮ್‌ನವು, ಅವುಗಳ ದಾರಿಯಲ್ಲಿ ರೆಸಿಸ್ಟರ್ ಪ್ಯಾಕ್ ಇದೆ. ಹೊಸವೂ ಕಡಿಮೆ ಓಮ್‌ನವಾದರೆ ಪ್ಯಾಕ್ ಇರಲಿ. ಹೆಚ್ಚು ಓಮ್‌ನವಾದರೆ ಪ್ಯಾಕ್ ತೆಗೆಯಬೇಕು. ಮೀಟರ್ ಪ್ಲಗ್ಗಿನ ಪಿನ್‌ಗಳನ್ನು ಎರಡೂ ಕಾರಿನ ವೈರಿಂಗ್ ನಕ್ಷೆ ಪಕ್ಕಪಕ್ಕ ಇಟ್ಟು ಹೋಲಿಸಿಯೇ ಚುಚ್ಚಿ.

ಇದರಲ್ಲೂ ಒಂದು ಸುಳ್ಳು ಅಡಗಿದೆ. ಇಸಿಯು ಟೈಮಿಂಗ್ ಆರಿಸುವುದೂ ಅದೇ ಎಣಿಕೆ ನೋಡಿ. 80 ಎಂದು ನಂಬಿದ ಇಸಿಯು ಹಗುರ ಲೋಡಿನ ಟೈಮಿಂಗ್ ಕೊಡುತ್ತದೆ, ಅಂದರೆ ಬೇಕಾದ್ದಕ್ಕಿಂತ ಮುಂಚೆ ಕಿಡಿ. ಕಡಿಮೆ ಆಕ್ಟೇನ್ ಪೆಟ್ರೋಲ್ ಸೇರಿದರೆ ನಾಕ್ ಗ್ಯಾರಂಟಿ. ಕೋಡ್ 52 ಬಗ್ಗೆ ಅಷ್ಟು ಹೇಳಿದ್ದು ಇದಕ್ಕೇ. ನಾಕ್ ಸೆನ್ಸರ್ ಕೆಲಸ ಮಾಡದ ಕಾರಿಗೆ ಈ ಮಾಡಿಫಿಕೇಶನ್ ಮಾಡಬಾರದು. ಪ್ಲಗ್ ಒಂದು ಹೀಟ್ ರೇಂಜ್ ತಣ್ಣಗಿನದು ಹಾಕಿ, ಗ್ಯಾಪ್ 0.8ರಿಂದ 0.7 ಮಿಲಿಮೀಟರಿಗೆ ಇಳಿಸಿ.

ಗೇರ್ ಬದಲಿಸುವಾಗ ಪ್ಶ್ ಎನ್ನುವ ಬ್ಲೋ-ಆಫ್ ವಾಲ್ವ್ ಬೇಕು ಎನ್ನುವವರು ಕೇಳಿಯೇ ಕೇಳುತ್ತಾರೆ. ಎಣಿಸಿದ ಗಾಳಿಯನ್ನು ಹೊರಗೆ ಉಗುಳುವ ವಾಲ್ವ್ ಅದು. ಪ್ರತಿ ಗೇರಿಗೂ ಒಂದು ಗುಟುಕು ಪೆಟ್ರೋಲ್ ಹೆಚ್ಚು, ನಿಂತಾಗ ಆಫ್. ಮೀಟರ್ ಮತ್ತು ಟರ್ಬೊ ನಡುವಿನ ಪೈಪಿಗೇ ಗಾಳಿ ವಾಪಸ್ ಬಿಡುವ ಮೂಲ ವಾಲ್ವ್ ಇರಲಿ ಬಿಡಿ. 1988ರಲ್ಲಿ ರೇಸಿಂಗ್ ಅನುಮತಿಗಾಗಿ 500 ಮಾತ್ರ ಮಾಡಿದ ಟರ್ಬೊ ಎ ಸುಪ್ರಾಕ್ಕೆ ಟೊಯೊಟಾ ಏರ್‌ಫ್ಲೋ ಮೀಟರನ್ನೇ ತೆಗೆದು ಒತ್ತಡದ ಸೆನ್ಸರ್ ಹಾಕಿತ್ತು. ನಿಮಗೂ ದೊಡ್ಡ ಟರ್ಬೊ ಬೇಕಾದರೆ ಅದೇ ದಾರಿ. ಸ್ವತಂತ್ರ ಇಸಿಯು, ಒತ್ತಡದ ಸೆನ್ಸರ್, ಡೈನೋ (ಕಾರನ್ನು ನಿಂತಲ್ಲೇ ಓಡಿಸಿ ಪವರ್ ಅಳೆಯುವ ಯಂತ್ರ) ಮೇಲೆ ಟ್ಯೂನಿಂಗ್ ಬಲ್ಲವರ ಕೈ. ಅದು ಬೇರೆಯೇ ಲೇಖನದ ವಿಷಯ.

ಹೊಸ ಬೂಸ್ಟಿನಲ್ಲಿ ಮೊದಲ ಸಲ ಓಡಿಸುವಾಗ ಖಾಲಿ ಟ್ರ್ಯಾಕ್ ಇಲ್ಲವೇ ಡೈನೋ ಇರಲಿ. ಮೂರನೇ ಗೇರಿನಲ್ಲಿ ಒಂದೇ ಒಂದು ಓಟ, ಅಲ್ಲೇ ಆಫ್ ಮಾಡಿ ನಿಲ್ಲಿಸಿ. ತಣ್ಣಗಾದ ಮೇಲೆ ಆರೂ ಪ್ಲಗ್ ಬಿಚ್ಚಿ ಸಾಲಾಗಿ ಬಿಳಿ ಬಟ್ಟೆಯ ಮೇಲಿಡಿ, ಯಾವುದು ಯಾವ ಸಿಲಿಂಡರಿನದೆಂದು ಗುರುತಿರಲಿ. ಪಿಂಗಾಣಿಯನ್ನು ಭೂತಗನ್ನಡಿಯಲ್ಲಿ ನೋಡಿ. ತಿಳಿ ಕಂದು ಬಣ್ಣ ಇದ್ದರೆ ಸರಿ. ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕಿ, ಅದರ ನಡುವೆ ಹೊಳೆಯುವ ಬೆಳ್ಳಿ ಕಣ ಕಂಡರೆ ಅದು ಪಿಸ್ಟನ್ನಿನ ಅಲ್ಯೂಮಿನಿಯಂ. ಬೂಸ್ಟನ್ನು ಮೂಲದ 7ಕ್ಕೆ ಇಳಿಸಿ, ಟಾರ್ಪಾಲು ಹೊದಿಸಿ, ಮತ್ತೆ ಆಯಿಲ್ ಮುಚ್ಚಳದ ಪರೀಕ್ಷೆಯಿಂದ ಶುರುಮಾಡಿ.